ತಿರುಗಿ ನೋಡದ ಮೇಸ್ತ್ರಿ

ಯಾರನ್ನೂ ಸುಲಭಕ್ಕೆ ನಂಬುವ ಅಭ್ಯಾಸ ನನಗಿಲ್ಲ. ಬಸ್ ಡಿಪೋದ ಸ್ಟೋರಿನಲ್ಲಿ ಹದಿನೆಂಟು ವರ್ಷದಿಂದ ಕೂತಿದ್ದೇನೆ. ಹೊಸ ಫ್ಯಾನ್ ಬೆಲ್ಟ್ ಬೇಕೆಂದು ಬಂದವನು ಮೊದಲು ಹಳೆಯ ಬೆಲ್ಟನ್ನು ನನ್ನ ಮೇಜಿನ ಮೇಲೆ ಇಡಬೇಕು. ನಾನು ಅದನ್ನು ಬೆಳಕಿಗೆ ಹಿಡಿದು ಬಿರುಕು ನೋಡಬೇಕು. ಮಾತುಕತೆಯೆಲ್ಲ ಆಮೇಲೆ. ಬೆನ್ನ ಹಿಂದೆ ನನ್ನನ್ನು ಭೂತಗನ್ನಡಿ ಎಂದು ಕರೆಯುತ್ತಾರೆ. ಕರೆಯಲಿ. ನನ್ನ ಕಪಾಟಿನಿಂದ ಇವತ್ತಿನವರೆಗೆ ಒಂದು ನಟ್ಟು ಕೂಡ ಕಾಣೆಯಾಗಿಲ್ಲ.

ಈಗ ಹೇಳಹೊರಟಿರುವುದು ನನ್ನ ಭಾವನ ವಿಷಯ. ನನ್ನ ಅಕ್ಕನ ಗಂಡ, ಅದೇ ಡಿಪೋದಲ್ಲಿ ಎಂಜಿನ್ ಮೇಸ್ತ್ರಿ. 'ಕಿವಿ ಮೇಸ್ತ್ರಿ' ಎಂದರೆ ಗೇಟಿನ ಕಾವಲುಗಾರನೂ ಅವರ ಕಡೆಗೇ ಕೈ ತೋರಿಸುತ್ತಾನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಅರೆಗಳಿಗೆ ನಿಂತರೆ ಸಾಕು, ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಸಡಿಲವಾಗಿದೆ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು.

ಕೆಲವು ವರ್ಷಗಳಿಂದ ಅವರ ರೀತಿ ಬದಲಾಗಿತ್ತು. ಸ್ಕ್ರೂಡ್ರೈವರ್ ಬಿಟ್ಟು ಬರೀ ಅಂಗೈಯನ್ನು ಎಂಜಿನ್ನಿನ ಮೇಲೆ ಇಡತೊಡಗಿದ್ದರು. ಹೆಸರು ಬಂದವರಿಗೆ ಹೀಗೆ ಒಂದು ದೊಡ್ಡಸ್ತಿಕೆಯೂ ಬರುತ್ತದೆ ಎಂದುಕೊಂಡೆ. ರಿಪೇರಿಯಾದ ಬಸ್ಸನ್ನು ರಸ್ತೆಯಲ್ಲಿ ಓಡಿಸಿ ನೋಡುವ ಕೆಲಸವನ್ನು ಮಂಡಿನೋವೆಂದು ಹೇಳಿ ಬಿಟ್ಟಿದ್ದರು. ಅದೇ ಮಂಡಿಯಲ್ಲಿ ದಿನಾ ಮೂರು ಮಹಡಿ ಹತ್ತಿ ಮನೆ ಸೇರುತ್ತಿದ್ದುದನ್ನು ನಾನು ನೋಡಿದ್ದೆ. ಏನೋ ಮುಚ್ಚಿಡುತ್ತಿದ್ದಾರೆ ಎಂಬ ಹುಳ ಆಗಲೇ ನನ್ನ ತಲೆಯೊಳಗೆ ಹೊಕ್ಕಿತ್ತು.

ಅವರಿಗೆ ಕಂಪ್ಯೂಟರ್ ಆಟದ ಚಟ ಹತ್ತಿಸಿದವನು ನಾನೇ. ಗೆಲ್ಲಲೇಬೇಕು, ಸೋಲಬಾರದು ಎಂಬ ಹಟವಿಲ್ಲದ ಆಟ ಅದು. ಚೌಕ ಚೌಕದ ಕಲ್ಲು, ಮಣ್ಣು, ಮರ ಅಗೆದು ತಂದು ಮನೆಯನ್ನೋ ಸೇತುವೆಯನ್ನೋ ಇಡೀ ಊರನ್ನೋ ಕಟ್ಟಿಕೊಂಡು ಕೂರಬಹುದು. ನಾನು ಕೀಬೋರ್ಡಿನಲ್ಲಿ ಆಡುತ್ತೇನೆ, ಈ ಆಟ ಆಡುವವರು ಸೇರಿ ಫೋನಿನಲ್ಲಿ ಮಾಡಿಕೊಂಡ ನಮ್ಮ ಗುಂಪಿನ ಎಲ್ಲರೂ ಹಾಗೆಯೇ. ಭಾವನಿಗೆ ಅಷ್ಟು ಸಣ್ಣ ಗುಂಡಿಗಳು ಒಗ್ಗಲಿಲ್ಲ. ಎರಡು ಕೈಯಲ್ಲಿ ಹಿಡಿದುಕೊಳ್ಳುವ ಕಂಟ್ರೋಲರ್ ತಂದುಕೊಂಡರು. ಆಟ ಯಾಕೆ ಹಿಡಿಸಿತು ಎಂದು ಒಮ್ಮೆ ಕೇಳಿದ್ದಕ್ಕೆ, ಅಲ್ಲಿ ಯಾರೂ ಮಾತಾಡಿಸುವುದಿಲ್ಲ, ಆರಾಮು ಎಂದಿದ್ದರು.

ಹೀಗಿರುವಾಗ 'ಕುರುಡು ಗಣಿ' ಬಂತು. ಆಟ ಮಾಡಿದ ಕಂಪನಿಯದಲ್ಲ, ಆಟದ ಹುಚ್ಚು ಹಿಡಿದ ಒಬ್ಬ ತನ್ನ ಮನೆಯಲ್ಲೇ ಕೂತು ಕಟ್ಟಿ ಆಟಕ್ಕೆ ಸೇರಿಸಿದ ಹೊಸ ಭಾಗ. ಗುಂಪಿನಲ್ಲಿ ಅವನ ಹೆಸರು ಗುದ್ದಲಿ. ಐದು ಅಂತಸ್ತಿನ ಕತ್ತಲೆ ಗಣಿ, ಕೈಯಲ್ಲಿ ಒಂದು ಮಿಣುಕು ದೀಪ, ಒಳಗೆ ಓಡಾಡುವ ಭಾರೀ ಮೃಗ. ಅದು ಎಲ್ಲಿದೆ ಎಂದು ಹೆಜ್ಜೆ ಸದ್ದಿನಿಂದಲೇ ತಿಳಿಯಬೇಕು. ಹೆಡ್‌ಫೋನ್ ಇಲ್ಲದೆ ಇಳಿಯಬೇಡಿ ಎಂದು ಬಾಗಿಲಲ್ಲೇ ಬರೆದಿತ್ತು.

ಇಳಿದವರೆಲ್ಲ ಮಣ್ಣು ಮುಕ್ಕಿದರು. ಗುಂಪಿನಲ್ಲಿ ದಿನವಿಡೀ ಅದೇ ಗಲಾಟೆ. ಹಲ್ಲಿನ ಡಾಕ್ಟರಮ್ಮ ಒಬ್ಬರು, ಇಷ್ಟು ಚಂದದ ಕತ್ತಲೆಯನ್ನು ತಾನು ಯಾವ ಆಟದಲ್ಲೂ ಕಂಡಿಲ್ಲ, ಆದರೆ ಮೂರನೇ ಅಂತಸ್ತು ಮಾಡಿದವನ ಹಲ್ಲನ್ನು ಮರಗಟ್ಟಿಸದೆ ಕೀಳಬೇಕು ಎಂದು ಬರೆದರು. ಗಣಿತದ ಮೇಷ್ಟ್ರೊಬ್ಬರು ನಲವತ್ತು ಸಲ ಸತ್ತು, ಸತ್ತ ಜಾಗಗಳ ನಕ್ಷೆ ಬರೆದು, ಇದು ಕಷ್ಟವಲ್ಲ, ಅನ್ಯಾಯ ಎಂದು ತೀರ್ಪು ಕೊಟ್ಟರು. ಕೊರಿಯರ್ ಹುಡುಗಿಯೊಬ್ಬಳು ಮಾತ್ರ, ಅಳು ಬಂದರೂ ಬಿಡಲಾಗುತ್ತಿಲ್ಲ, ಬಹಳ ದಿನದ ಮೇಲೆ ಆಟದಲ್ಲಿ ಹೆದರಿಕೆ ಆಯಿತು ಎಂದಳು. ಮಾಡಿದವನೇ ಇದನ್ನು ಮುಗಿಸಿಲ್ಲ ಎನ್ನುವುದು ನನ್ನ ವಾದ. ಗುಂಪಿನಲ್ಲಿ ನನ್ನ ಹೆಸರು ತಕ್ಕಡಿ, ಅದು ನಾನೇ ಎಂದು ಯಾರಿಗೂ ಗೊತ್ತಿರಲಿಲ್ಲ, ಭಾವನಿಗೂ.

ಮೂರನೇ ವಾರ ಭಾವ ಗಣಿಯನ್ನು ಮುಗಿಸಿಬಿಟ್ಟರು. ಮೊದಲಿನಿಂದ ಕೊನೆಯವರೆಗಿನ ವಿಡಿಯೋವನ್ನೂ ನಿಯಮದ ಪ್ರಕಾರ ಹಾಕಿದರು.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನಾನು ಮೂರನೇ ಅಂತಸ್ತಿನಲ್ಲಿ ಅರವತ್ತು ಸಲ ಸತ್ತವನು. ನಾನೇ ಗುಂಡಿ ಒತ್ತುವುದನ್ನು ಕಲಿಸಿದ ಮನುಷ್ಯ ಹೀಗೆ ಗೆಲ್ಲುವುದೆಂದರೇನು? ವಿಡಿಯೋವನ್ನು ಫ್ಯಾನ್ ಬೆಲ್ಟಿನ ಹಾಗೆ ಹಿಡಿದು ನೋಡಿದೆ. ನಾಲ್ಕನೇ ಸಲ ಸಿಕ್ಕಿತು. ಅವರ ಬೆನ್ನ ಹಿಂದೆಯೇ ಗಣಿಯ ಚಾವಣಿ ಕುಸಿಯುತ್ತದೆ, ಎಂಥ ಗಂಡೆದೆಯವನೂ ಬೆಚ್ಚುವಂಥ ಸದ್ದು. ಭಾವ ತಿರುಗಿ ನೋಡುವುದಿಲ್ಲ. ಎಡಗಡೆ ಮೃಗದ ಹೆಜ್ಜೆ ಕೇಳುತ್ತದೆ. ನಾವೆಲ್ಲ ಬಲಕ್ಕೆ ಓಡಿ ಸತ್ತದ್ದು ಅಲ್ಲೇ. ಭಾವ ಸದ್ದು ಬಂದ ಎಡಕ್ಕೇ ನಿಶ್ಚಿಂತೆಯಾಗಿ ನಡೆದುಹೋಗುತ್ತಾರೆ, ಮೃಗ ನಿಜವಾಗಿ ಇರುವುದು ಬಲಕ್ಕೆ. ಮೊದಲೇ ಗೊತ್ತಿಲ್ಲದವನು ಹೀಗೆ ನಡೆಯುತ್ತಾನೆಯೇ? ಗೋಡೆಯಾಚೆ ಕಾಣಿಸುವ ಯಾವುದೋ ಕಳ್ಳ ಉಪಾಯ ಮಾಡಿಕೊಂಡಿದ್ದಾರೆ ಎಂದು ನಿಮಿಷ, ಸೆಕೆಂಡುಗಳ ಸಮೇತ ಗುಂಪಿಗೆ ಬರೆದು ಹಾಕಿದೆ. ಎಲ್ಲರೂ ತಲೆದೂಗಿದರು. ಆ ಬರಹವನ್ನು ಗುಂಪಿನ ನೆತ್ತಿಯ ಮೇಲೆ ಅಂಟಿಸಿದರು.

ಗೆದ್ದವರ ಪಟ್ಟಿಯಿಂದ ಭಾವನ ಹೆಸರು ಹೋಯಿತು. ಡಿಪೋದ ಹತ್ತು ಹನ್ನೆರಡು ಜನ, ಮ್ಯಾನೇಜರ್ ಸೇರಿ, ಆ ಗುಂಪಿನಲ್ಲಿದ್ದರು. ಮಾರನೆಯ ದಿನ ಕ್ಯಾಂಟೀನಿನಲ್ಲಿ ಯಾರೋ ಸ್ಪಾನರ್ ಕಾಣುತ್ತಿಲ್ಲ ಎಂದಾಗ, ಮೇಸ್ತ್ರಿಯ ಜೇಬು ನೋಡಿ ಎಂದು ಇನ್ಯಾರೋ ನಗೆಯಾಡಿದರು. ಭಾವ ನಗುತ್ತಿದ್ದವರ ಮುಖವನ್ನು ಒಂದೊಂದಾಗಿ ನೋಡಿ, ತಟ್ಟೆ ಬಿಟ್ಟು ಎದ್ದುಹೋದರು. ಆ ಹೊತ್ತಿಗೆ ನನಗೆ ಸಂತೋಷವೇ ಆಗಿತ್ತು, ಸುಳ್ಳು ಹೇಳುವುದಿಲ್ಲ.

ಗುದ್ದಲಿ ನ್ಯಾಯವಂತ. ಗಣಿಯ ದಾರಿಗಳನ್ನೆಲ್ಲ ಅದಲುಬದಲು ಮಾಡಿ ಕೊಡುತ್ತೇನೆ, ಭಾನುವಾರ ಮಧ್ಯಾಹ್ನ ಎಲ್ಲರ ಎದುರಿಗೆ ಇನ್ನೊಮ್ಮೆ ಆಡಿ ತೋರಿಸಿ ಎಂದು ಭಾವನಿಗೆ ಬರೆದ. ಭಾವ ಒಪ್ಪಿಕೊಂಡರು. ನನಗೆ ಅಷ್ಟು ಸಾಲಲಿಲ್ಲ. ಆಡುವಾಗ ಮೈಕಿನಲ್ಲಿ ಮಾತಾಡಿಸಿ, ಏನು ಕೇಳಿಸುತ್ತಿದೆ ಎಂದು ಆಗಾಗ ಕೇಳಿ, ಕಳ್ಳನಾದರೆ ತಡವರಿಸುತ್ತಾನೆ ಎಂದು ತಕ್ಕಡಿಯ ಹೆಸರಿನಲ್ಲಿ ಗುದ್ದಲಿಗೆ ಗುಟ್ಟಾಗಿ ಹೇಳಿಕೊಟ್ಟೆ. ಸಾಕ್ಷಿಗೆ ನೆಂಟನೇ ಇರಲಿ ಎಂದು ಡಿಪೋದವರು ನನ್ನನ್ನು ಅಕ್ಕನ ಮನೆಗೆ ಕಳಿಸಿದರು.

ನಡುಮನೆಯ ಮೂಲೆಯಲ್ಲಿ ಕಂಪ್ಯೂಟರು. ಭಾವ ಒಗೆದ ಅಂಗಿ ಹಾಕಿಕೊಂಡು, ಮೈಕಿರುವ ಹೆಡ್‌ಫೋನ್ ಏರಿಸಿ ಕೂತಿದ್ದರು. ನಾನು ಅವರ ಕುರ್ಚಿಯ ಹಿಂದೆ ನಿಂತು, ನನ್ನ ಫೋನಿನಲ್ಲಿ ಕಿವಿಗೆ ಬೀಳುವಷ್ಟು ಸಣ್ಣಗೆ ಗುಂಪಿನ ಮಾತು ಕೇಳಿಸಿಕೊಳ್ಳುತ್ತಿದ್ದೆ. ಇನ್ನೂರು ಚಿಲ್ಲರೆ ಜನ ನೋಡುತ್ತಿದ್ದರು. ಎರಡನೇ ಅಂತಸ್ತಿನಲ್ಲಿ ಗುದ್ದಲಿಯ ದನಿ ಬಂತು.

"ಮೇಸ್ತ್ರಿಗಳೇ, ಈಗ ಎಡಗಡೆ ಏನು ಕೇಳಿಸ್ತು?"

ಭಾವ ಉತ್ತರ ಕೊಡಲಿಲ್ಲ. ಅವನು ಇನ್ನೊಮ್ಮೆ ಕೇಳಿದ, ಮತ್ತೊಮ್ಮೆ ಕೇಳಿದ. ಭಾವ ಮೃಗದ ಮೂಗಿನಡಿಯಿಂದ ನುಸುಳಿ ಮೂರನೇ ಅಂತಸ್ತಿಗೆ ಇಳಿದರು. ಸಿಕ್ಕಿಬಿದ್ದ ಎಂದು ಜನ ಬರೆಯತೊಡಗಿದರು. ನಾನು ಬಾಗಿ, ಭಾವ ಎಂದು ಕರೆದೆ. ಜೋರಾಗಿ ಕರೆದೆ. ಕೊನೆಗೆ ಇಡೀ ಮಹಡಿಗೆ ಕೇಳುವ ಹಾಗೆ ಕೂಗಿದೆ. ಅವರ ಕುತ್ತಿಗೆ ಕೂಡ ಅಲುಗಲಿಲ್ಲ. ಕಂಟ್ರೋಲರ್ ಹಿಡಿದ ಕೈಗಳು ಮಾತ್ರ ಎಂಜಿನ್ನಿನ ಮೇಲೆ ಇಟ್ಟ ಹಾಗೆ ಹಗುರವಾಗಿ, ಎಚ್ಚರವಾಗಿ ಇದ್ದವು.

ಅಕ್ಕ ಅಡುಗೆಮನೆಯಿಂದ ಓಡಿಬಂದು ನನ್ನ ತೋಳು ಹಿಡಿದು ಒಳಗೆಳೆದುಕೊಂಡು ಹೋದಳು. ಈ ಮನೆಯಲ್ಲಿ ಅವಳು ಗಂಡನನ್ನು ದೂರದಿಂದ ಕರೆದದ್ದನ್ನು ನಾನು ಎಷ್ಟೋ ಕಾಲದಿಂದ ಕೇಳಿಲ್ಲ, ಹತ್ತಿರ ಹೋಗಿ ಭುಜ ಮುಟ್ಟುತ್ತಾಳೆ ಎಂಬುದು ಆಗ ಹೊಳೆಯಿತು.

"ಆರು ವರ್ಷ ಆಯ್ತು," ಎಂದಳು ಪಿಸುದನಿಯಲ್ಲಿ. "ಡಿಪೋದಲ್ಲಿ ಗೊತ್ತಾದ್ರೆ ಗುಜರಿ ಶೆಡ್ಡಿಗೆ ಹಾಕ್ತಾರೆ. ಎಂಜಿನ್ ಮುಟ್ಟದೆ ಅವ್ರು ಬದುಕಲ್ಲ ಕಣೋ. ನಿನ್ನ ಕಾಲಿಗೆ ಬೀಳ್ತೀನಿ, ಬಾಯಿ ಬಿಡ್ಬೇಡ."

ಅಕ್ಕ ನನ್ನ ಕಾಲಿಗೆ ಬೀಳುವ ಮಾತಾಡಿದ್ದು ಅದೇ ಮೊದಲು. ಮಂಡಿನೋವು, ಅಂಗೈ, ಮಾತಾಡುವವರ ತುಟಿಯನ್ನೇ ನುಂಗುವಂತೆ ನೋಡುವ ಆ ನೋಟ, ಎಲ್ಲ ಒಟ್ಟಿಗೆ ತಲೆಗೆ ಬಂದು ನನಗೆ ನನ್ನ ಮೇಲೇ ಅಸಹ್ಯವಾಯಿತು.

ನಾವು ಹೊರಗೆ ಬರುವ ಹೊತ್ತಿಗೆ ಭಾವ ಗಣಿ ದಾಟಿ ಬಿಸಿಲಿಗೆ ಬಂದಾಗಿತ್ತು. ಪರದೆಯ ಮೇಲೆ ಗುದ್ದಲಿ ಬರೆದಿದ್ದ: ಗೆದ್ದಿದ್ದೀರಿ, ಆದರೆ ಒಂದು ಪ್ರಶ್ನೆಗೂ ಉತ್ತರವಿಲ್ಲ, ಏನು ಕೇಳಿಸುತ್ತಿದೆ ಎಂದು ಹೇಳಲಾಗದವರು ಯಾವುದನ್ನು ನಂಬಿ ಆಡಿದಿರಿ? ಭಾವ ಅದನ್ನು ಎರಡು ಸಲ ಓದಿದರು. ನಾನು ಅವರ ಎದುರಿಗೆ ಹೋಗಿ ನಿಂತು, ಸದ್ದು ಮಾಡದೆ ತುಟಿಯಲ್ಲೇ, ಮೈಕ್ ಆಗಾಗ ಕೈಕೊಡುತ್ತಿದೆ, ನೀವು ಹೇಳಿದ ಉತ್ತರ ನಾನು ಕೇಳಿದ್ದೇನೆ ಎಂದು ಗುಂಪಿಗೆ ಹೇಳುತ್ತೇನೆ ಎಂದೆ. ಸಾಕ್ಷಿಯ ಮಾತನ್ನು ಗುಂಪು ನಂಬುತ್ತಿತ್ತು. ಭೂತಗನ್ನಡಿ ನೆಂಟನ ಪರವಾಗಿ ಸುಳ್ಳು ಹೇಳುತ್ತಾನೆಂದು ಡಿಪೋದಲ್ಲಿ ಯಾರೂ ಅಂದುಕೊಳ್ಳುವುದಿಲ್ಲ. ಅವರಿಗೆ ನನ್ನ ಮಾತು ಪೂರ್ತಿ ಅರ್ಥವಾಯಿತು. ಅಕ್ಕ ಕೈ ಮುಗಿಯುತ್ತಿದ್ದುದೂ ಕಂಡಿತು. ಬೇಡವೆಂದು ತಲೆಯಾಡಿಸಿ, ಮೈಕನ್ನು ಬಾಯಿಯ ಹತ್ತಿರ ಸರಿಸಿಕೊಂಡರು. ದನಿ ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿತ್ತು.

"ನನಗೆ ಕಿವಿ ಕೇಳಿಸಲ್ಲ. ಆರು ವರ್ಷ ಆಯ್ತು. ಮೃಗ ಎಡಕ್ಕಿದ್ರೆ ಈ ಕಂಟ್ರೋಲರ್ ಎಡಗೈಯಲ್ಲಿ ನಡುಗುತ್ತೆ, ಬಲಕ್ಕಿದ್ರೆ ಬಲಗೈಯಲ್ಲಿ. ಗುದ್ದಲಿಯವ್ರು ಸದ್ದನ್ನ ತಿರುಗಿಸಿಟ್ಟು ಎಲ್ಲರಿಗೂ ಟೋಪಿ ಹಾಕಿದಾರೆ, ನಡುಕ ತಿರುಗಿಸೋದು ಮರೆತಿದಾರೆ. ಅಷ್ಟೇ." ಅಕ್ಕನ ಕಡೆಗೆ ಒಮ್ಮೆ ನೋಡಿ ಮತ್ತೆ ಹೇಳಿದರು. "ನಾನು ಮೋಸ ಮಾಡಿದ್ದು ಡಿಪೋದಲ್ಲಿ. ಇಲ್ಲಿ ಮಾಡಿಲ್ಲ."

ಅಕ್ಕ ಮುಗಿದಿದ್ದ ಕೈಗಳನ್ನು ಕೆಳಗಿಳಿಸಿದಳು. ಭಾವ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಟ್ಟರು.

ನನ್ನ ಫೋನಿನಲ್ಲಿ ಒಂದರ ಮೇಲೊಂದು ಬರಹ ಬಂದು ಬೀಳತೊಡಗಿತು. ತಾನು ಜನ್ಮದಲ್ಲಿ ಕಂಟ್ರೋಲರ್ ಮುಟ್ಟಿದವನಲ್ಲ, ಸದ್ದಿನ ಎಡಬಲ ಬದಲಿಸಿದ್ದೇ ಗಣಿಯ ಗುಟ್ಟು, ಮೂಲ ಆಟದಲ್ಲೇ ಕಂಟ್ರೋಲರಿಗೆ ನಡುಕವೊಂದಿದೆ ಎಂಬುದೇ ಗೊತ್ತಿರಲಿಲ್ಲ ಎಂದು ಗುದ್ದಲಿ ಒಪ್ಪಿಕೊಂಡ. ಹಲ್ಲಿನ ಡಾಕ್ಟರಮ್ಮ ಕ್ಷಮೆ ಕೇಳಿದರು. ಆದರೆ ಕಿವುಡನ ನಾಟಕ ಚೆನ್ನಾಗಿದೆ ಎಂದು ಒಬ್ಬ ಬರೆದ, ಅವನಿಗೆ ಹತ್ತಾರು ಜನ ಭೇಷ್ ಎಂದರು. ಹೋದ ವಾರವಾಗಿದ್ದರೆ ಅದನ್ನು ನಾನೇ ಬರೆಯುತ್ತಿದ್ದೆ. ಅದರ ಕೆಳಗೆ ಮ್ಯಾನೇಜರರ ಒಂದು ಸಾಲು, ಬೆಳಿಗ್ಗೆ ಆಫೀಸಿಗೆ ಬನ್ನಿ ಎಂದು.

"ಏನಂತಾರೆ?" ಎಂದರು ಭಾವ.

"ನಂಬಿದ್ರು, ಭಾವ. ಎಲ್ಲರೂ ನಂಬಿದ್ರು."

ಅವರು ನನ್ನ ಮುಖ ನೋಡಿ ಕೈ ಚಾಚಿದರು. ಅವರ ಫೋನು ಒಳಕೋಣೆಯಲ್ಲಿ ಚಾರ್ಜಿಗಿತ್ತು. ಬೇರೆ ದಾರಿ ಕಾಣದೆ ನನ್ನದನ್ನು ಕೊಟ್ಟೆ. ಅವರು ನಿಧಾನವಾಗಿ ಓದಿದರು, ನಾಟಕವೆಂದದ್ದನ್ನೂ ಮ್ಯಾನೇಜರ್ ಬರೆದದ್ದನ್ನೂ. ಆಮೇಲೆ ಗುಂಪಿನ ನೆತ್ತಿಯ ಮೇಲಿದ್ದ ಆ ಬರಹಕ್ಕೆ ಹೋದರು. ಅವರ ಫೋನಿನಲ್ಲಾಗಿದ್ದರೆ ಬರೆದವರ ಹೆಸರಿನ ಜಾಗದಲ್ಲಿ ತಕ್ಕಡಿ ಎಂದಿರುತ್ತಿತ್ತು. ನನ್ನ ಫೋನಿನಲ್ಲಿ 'ನೀವು' ಎಂದಿತ್ತು.

ಅವರು ಪರದೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಆರು ವರ್ಷದಲ್ಲಿ ನಾನು ತಿರುಗಿ ನೋಡಲ್ಲ ಅಂತ ಗಮನಿಸಿದವನು ನೀನೊಬ್ನೇ," ಎಂದು ಫೋನನ್ನು ನನ್ನ ಕೈಯಲ್ಲಿಟ್ಟರು. "ಬಂದು ಕೇಳಿದ್ರೆ ನಿಂಗೆ ಹೇಳ್ತಿದ್ದೆ."