ಮಿರರಿನ ಬುಡದ ಬೂದು ಗೆರೆ

ಆ ಕಪ್ಪು ಕಾರಿನ ಪೇಂಟ್ ಕೆಡಿಸಿದ್ದು ಉಮ್ಮರಾಕ ಅಲ್ಲ, ನಾನು. ಹದಿನಾಲ್ಕು ವರ್ಷ ಇದನ್ನು ಯಾರಿಗೂ — ಹೆಂಡತಿಗೂ — ಹೇಳಿರಲಿಲ್ಲ.

ಪುಂಜಾಲಕಟ್ಟೆಯ ಒಂದು ಕಾರು ಪಾಲಿಶ್ ಅಂಗಡಿಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಬಾನೆಟ್, ಬಾಗಿಲು, ಡಿಕ್ಕಿಯಂಥ ಅಗಲ ಜಾಗವೆಲ್ಲ ನನ್ನ ಮೆಷಿನ್‌ಗೆ. ಮೆಷಿನ್ ಹೋಗದ ಸಂದುಗಳು — ಹ್ಯಾಂಡಲಿನ ಹಿಂದಿನ ಗುಳಿ, ಸೈಡ್ ಮಿರರಿನ ಬುಡ — ಉಮ್ಮರಾಕನ ಬೆರಳಿಗೆ. ಹೆಸರು ಉಮ್ಮರ್; ನನಗಿಂತ ಇಪ್ಪತ್ತು ವರ್ಷ ಹಿರಿಯರು, ಹಾಗಾಗಿ ಗೌರವಕ್ಕೆ ಉಮ್ಮರಾಕ. ಒಗೆದು ಒಗೆದು ಮೆತ್ತಗಾದ ಹಳೆ ಲುಂಗಿಯ ತುಂಡನ್ನು ಕಿರುಬೆರಳಿಗೆ ಸುತ್ತಿ, ಸಾಸಿವೆಯಷ್ಟು ಪಾಲಿಶ್ ಮುಟ್ಟಿಸಿ, ಕಣ್ಣು ಮುಚ್ಚಿ ಉಜ್ಜುತ್ತಿದ್ದರು. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ.

"ಕಣ್ಣು ಆ ಸಂದಿಗೆ ಹೋಗ್ತದಾ ಮಾರಾಯ? ಮತ್ತೆ ಅದನ್ನು ಸುಮ್ಮನೆ ಯಾಕೆ ಎಬ್ಬಿಸಿ ಇಡುವುದು?"

ಅವರು ಬೆರಳು ತೆಗೆದಾಗ ಆ ಗುಳಿಯೊಳಗೆ ರಸ್ತೆ, ಹೋಗುವ ಬಸ್ಸು, ಎದುರಿನ ಹೋಟೆಲಿನ ಬೋರ್ಡು ಎಲ್ಲ ಸಣ್ಣದಾಗಿ ಹೊಳೆಯುತ್ತಿದ್ದವು. ನಾನು ಬಗ್ಗಿ ನೋಡುತ್ತ ನಿಂತುಬಿಡುತ್ತಿದ್ದೆ. ಯಾರೂ ಇಣುಕದ ಜಾಗಕ್ಕೆ ಇಷ್ಟೊಂದು ಬೆಳಕು —

ಆ ದಿನ ಅವರು ಮಿರರಿನ ಬುಡ ಮುಗಿಸಿ ನಮಾಜಿಗೆ ಹೋಗಿದ್ದರು. ನಾನು ಬಾಗಿಲಿಗೆ ಮೆಷಿನ್ ಹಿಡಿದೆ. ಮೆಷಿನ್ ತಾಗದ ಹಾಗೆ ಅಂಚಿಗೆ ಮೊದಲು ಟೇಪ್ ಅಂಟಿಸಬೇಕು, ಅಂಟಿಸಲಿಲ್ಲ. ಮೆಷಿನ್ ಜಾರಿ ಮಿರರಿನ ಬುಡಕ್ಕೆ ಹತ್ತಿತು. ತೆಗೆದು ನೋಡುವಾಗ ಕಪ್ಪಿನ ನಡುವೆ ಬೂದು ಗೆರೆ — ಪೇಂಟ್ ಹೋಗಿ ಅಡಿಯ ಪ್ರೈಮರ್ ಕಾಣುತ್ತಿತ್ತು. ಅಷ್ಟರಲ್ಲಿ ಅಂಗಡಿಯ ದಣಿ ಬಂದರು.

"ಇದು ಯಾರ ಕೆಲಸ?"

"ಮಿರರಿನ ಬುಡ ಉಮ್ಮರಾಕನದ್ದು" ಎಂದೆ.

ಇಷ್ಟೇ ಮಾತು. ಸುಳ್ಳೇನೂ ಅಲ್ಲವಲ್ಲ ಎಂದು ನನಗೆ ನಾನೇ —

ಅದೇ ಹೊತ್ತಿಗೆ ನಮಾಜು ಮುಗಿಸಿ ಬಂದ ಉಮ್ಮರಾಕ ಗೆರೆಯ ಮೇಲೆ ಬೆರಳಿಟ್ಟರು. ತಟ್ಟನೆ ತೆಗೆದರು. ನನ್ನ ಮುಖ ನೋಡಿದರು. "ಆಗಿರ್ಬಹುದು ದಣಿ" ಎಂದರು.

"ಉಮ್ಮರನ ಬೆರಳಿಗೆ ವಯಸ್ಸಾಯ್ತು" ಎಂದರು ದಣಿ. ಮರುದಿನದಿಂದ ಅವರಿಗೆ ಚಕ್ರ ತೊಳೆಯುವ ಕೆಲಸ. ತಿಂಗಳೊಳಗೆ ಬಿಟ್ಟು ಹೋದರು. ಸಂದುಗಳ ಕೆಲಸ ನನಗೆ ಬಂತು. ಅವರ ಹಾಗೆಯೇ ಕಣ್ಣು ಮುಚ್ಚಿ ಮಾಡಿದೆ. ಈಗ ಬೆಳುವಾಯಿಯಲ್ಲಿ ನನ್ನದೇ ಅಂಗಡಿ ಉಂಟು, ಈ ಕೆಲಸಕ್ಕೇ ಹೆಸರು. ಯಾರ ಹತ್ತಿರ ಕಲಿತದ್ದೆಂದು ಗಿರಾಕಿಗಳು ಕೇಳಿದರೆ "ಹಾಗೇ ಬಂತು" ಎನ್ನುತ್ತಿದ್ದೆ.

ಕಳೆದ ಆದಿತ್ಯವಾರ ಮಾಣಿ ಎಂಬ ಊರಿಗೆ ಹೋದೆ. ಉಮ್ಮರಾಕ ಮಗಳ ಮನೆಯಲ್ಲಿದ್ದಾರೆ, ಕಣ್ಣು ಮಂಜಾಗಿದೆ. ಕುಶಲ ಕೇಳುತ್ತಲೇ ನನ್ನ ಕಾರಿನ ಹತ್ತಿರ ಬಂದು ಹ್ಯಾಂಡಲಿನ ಹಿಂದೆ ಕಿರುಬೆರಳು ತೂರಿಸಿದರು.

"ಒಳ್ಳೆ ಕೆಲಸ. ಯಾರು ಮಾಡಿದ್ದು?"

"ನಾನು. ಆ ಕಪ್ಪು ಕಾರಿನದ್ದೂ... ನಾನೇ ಉಮ್ಮರಾಕ."

ಬೆರಳು ತೆಗೆಯಲಿಲ್ಲ.

"ಗೊತ್ತುಂಟು. ನಾನು ಮುಟ್ಟುವಾಗ ಅದು ಇನ್ನೂ ಬಿಸಿ ಇತ್ತಲ್ಲ ಮಾರಾಯ. ಬೆರಳಲ್ಲಿ ಉಜ್ಜಿದ್ದು ಅಷ್ಟು ಬಿಸಿ ಆಗ್ತದಾ?"

ಒಂದೇ ಮುಟ್ಟಿಗೆ ಅಷ್ಟನ್ನೂ ತಿಳಿದ ಬೆರಳು — ಅದರಿಂದ ನಾನು ಚಕ್ರ ತೊಳೆಸಿದೆ. ಆಗ ಯಾಕೆ ಸುಮ್ಮನಿದ್ದಿರಿ ಎಂದು ಕೇಳಲಿಲ್ಲ. ಕೇಳುವ ಬಾಯಿ ನನಗಿಲ್ಲ.

ದಣಿ ಇಂದಿಗೂ ಹೊಸಬರು ಸೇರಿದಾಗಲೆಲ್ಲ ಉಮ್ಮರನ ಬೆರಳು ಕೆಡಿಸಿದ ಕಾರಿನ ಕಥೆ ಹೇಳುತ್ತಾರಂತೆ. ನಾಳೆ ಬೆಳಿಗ್ಗೆ ಪುಂಜಾಲಕಟ್ಟೆಗೆ ಹೋಗುತ್ತೇನೆ. ಕೆಲಸದವರೆಲ್ಲ ಸೇರುವವರೆಗೆ ಕಾಯುತ್ತೇನೆ. ಅವರೆಲ್ಲರ ಎದುರು ಹೇಳುತ್ತೇನೆ — ಆ ಗೆರೆ ಬಿಸಿ ಇತ್ತು, ಮೆಷಿನ್ ನನ್ನ ಕೈಯಲ್ಲಿತ್ತು ಎಂದು.