ಕುರ್ಚಿಯ ಮೇಲಿನ ಅತ್ತಿಗೆ

ಎರಡು ತಿಂಗಳು ನಾನು ಒಬ್ಬ ಹೆಂಗಸಿನ ಮಾತನ್ನು ನನ್ನ ಬಾಯಿಂದಲೇ ಆಡಿದೆ, ಆದರೆ ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ನಿಮ್ಮ ಮುಂದೆ ಹೇಳಿಬಿಡುತ್ತೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ಹೋದಂತೆ ಸ್ವಲ್ಪ ಕಷ್ಟವಾದೀತು.

ಎಂಬತ್ತರ ದಶಕದ ಕೊನೆಯ ಮಾತು. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಸುಗ್ಗಿ ಮುಗಿದ ಮೇಲೆ ಒಂದು ನಾಟಕ ಆಡದಿದ್ದರೆ ನಮಗೆ ವರ್ಷ ಮುಗಿದಂತೆಯೇ ಅನಿಸುತ್ತಿರಲಿಲ್ಲ. ನಾಟಕ ಅಂದರೆ ಮನೆತನದ ನಾಟಕ: ಒಬ್ಬ ಅಪ್ಪ, ಇಬ್ಬರು ಮಕ್ಕಳು, ಒಂದಿಷ್ಟು ಆಸ್ತಿ, ಧಾರಾಳವಾಗಿ ಕಣ್ಣೀರು. ಲಿಂಗಸುಗೂರಿನ ವಿರುಪಣ್ಣ ಮಾಸ್ತರರು ಬರೆಯುವುದು, ಕಲಿಸುವುದು, ಹಾರ್ಮೋನಿಯಂ ನುಡಿಸುವುದು, ನಮ್ಮನ್ನು ಬೈಯುವುದು ಎಲ್ಲವನ್ನೂ ತಾವೊಬ್ಬರೇ ಮಾಡುತ್ತಿದ್ದರು. ಆ ವರ್ಷದ ನಾಟಕದ ಹೆಸರು ‘ಎರಡಾದ ಒಲೆ’. ನಾನು ಪ್ರಾಂಪ್ಟರು, ಅಂದರೆ ಪರದೆಯ ಹಿಂದೆ ಪುಸ್ತಕ ಹಿಡಿದು ಮಾತು ಎತ್ತಿಕೊಡುವವನು. ಹಿಂದಿನ ವರ್ಷ ನನಗೊಂದು ಪಾತ್ರ ಕೊಟ್ಟಿದ್ದರು. ತಾಯಿ ಸತ್ತ ಸುದ್ದಿ ಕೇಳಿ ನಾನು ಅತ್ತ ರೀತಿಗೆ ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತ್ತು. ಆಮೇಲೆ ಮಾಸ್ತರರು, “ನಿನ್ನ ದನಿ ಛಲೋ ಐತಿ, ಮಾರಿ ಒಂದು ಮಂದಿಗೆ ತೋರಿಸಬ್ಯಾಡ” ಎಂದು ನನ್ನನ್ನು ಪರದೆಯ ಹಿಂದೆ ಕೂಡಿಸಿದರು.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲೂ ಪಾಲಿನ ಮಾತು ನಡೆದಿತ್ತು. ಅಪ್ಪ, ಕಾಕಾ ಇಬ್ಬರೂ ಜಗಳವಿಲ್ಲದೆ ಬೇರೆಯಾಗುವುದೆಂದು ಒಪ್ಪಿದ್ದರು. ನಾಟಕ ಮುಗಿದ ಮೇಲಿನ ಸೋಮವಾರ ಹಿರಿಯರು ಕೂಡುವವರಿದ್ದರು. ಅವರಿಬ್ಬರ ಕಿರಿಯ ತಮ್ಮ ಬಹಳ ಹಿಂದೆಯೇ ತೀರಿಕೊಂಡಿದ್ದ. ಅವನ ಹೆಂಡತಿ, ನಮ್ಮ ಚಿಗವ್ವ, ಮಕ್ಕಳಿಲ್ಲದವಳು, ನಮ್ಮೆಲ್ಲರ ಜೊತೆಗೇ ಇದ್ದಳು. ನಾನು ಮಾತು ಕಲಿತದ್ದೇ ಅವಳ ತೊಡೆಯ ಮೇಲೆ. ಅವಳು ಜೋಳ ಹಸನು ಮಾಡುತ್ತ ಹೇಳಿದ ಕತೆಗಳು ಇಲ್ಲದಿದ್ದರೆ ನಾನು ಇವತ್ತು ಹೀಗೆ ನಿಮ್ಮ ತಲೆ ತಿನ್ನುತ್ತಿರಲಿಲ್ಲ. “ಚಿಗವ್ವ ಎಲ್ಲಿರ್ತಾಳ?” ಅಂತ ಒಮ್ಮೆ ಅವ್ವನನ್ನು ಕೇಳಿದೆ. “ಇಲ್ಲೊಂದಾರು ತಿಂಗಳ, ಅಲ್ಲೊಂದಾರು ತಿಂಗಳ” ಅಂದಳು. ನಾನು ಹೂಂ ಅಂದು ತಾಲೀಮಿಗೆ ಓಡಿದೆ. ಅಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಕಾಯುತ್ತಿತ್ತಲ್ಲ!

ದೊಡ್ಡ ಪ್ರಶ್ನೆ ಯಾವುದೆಂದರೆ ‘ಅರ್ಥಾತ್’. ನಮ್ಮ ಕಡೆ ನಾಟಕಕ್ಕೆ ಒಂದು ಹೆಸರು ಸಾಲದು. ಹ್ಯಾಂಡ್‌ಬಿಲ್ಲಿನ ಮೇಲೆ ಹೆಸರು ಬರೆದು, ಕೆಳಗೆ ‘ಅರ್ಥಾತ್’ ಎಂದು ಹಾಕಿ, ಇನ್ನೊಂದು ಹೆಸರು ಬರೆಯಲೇಬೇಕು. ಇದು ಯಾಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ಶಾಲೆಯ ರಜಿಸ್ಟರಿನಲ್ಲಿ ವೀರಭದ್ರಪ್ಪ ಎಂದಿರುವವನನ್ನು ಓಣಿಯೆಲ್ಲ ಗುಂಡ್ಯಾ ಎಂದು ಕರೆಯುವ ಜನ ನಾವು. ಮೊದಲನೆಯ ಹೆಸರು ಗೌರವಕ್ಕೆ, ಎರಡನೆಯದು ಗುರುತಿಗೆ. ನಾಟಕದ ಎರಡನೆಯ ಹೆಸರಲ್ಲಿ ಜಗಳ ಯಾರ ಯಾರ ನಡುವೆ ಎಂಬುದು ಜನಕ್ಕೆ ಗೊತ್ತಾಗಬೇಕು. ಹಿಂದಿನವರು ನಾಟಕದಲ್ಲಿ ರಸ ಹುಡುಕಿದರು. ಕಾಲೇಜಿನ ಮೇಷ್ಟರು ಸಂಘರ್ಷ ಅಂದರು. ವಿರುಪಣ್ಣ ಮಾಸ್ತರರು ಅದನ್ನೇ ‘ಗುದ್ದಾಟ’ ಅನ್ನುತ್ತಿದ್ದರು. “ಇದರಾಗ ಮೂಲ ಗುದ್ದಾಟ ಯಾವುದು ಅಂತ ಹೇಳ್ರೆಪಾ, ಬಿಲ್ಲು ಪ್ರೆಸ್ಸಿಗೆ ಹೋಗಬೇಕು” ಎಂದು ಅವರು ಕೇಳಿದ್ದೇ ತಪ್ಪಾಯಿತು.

ಅಣ್ಣನ ಪಾತ್ರ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ಅಮರೇಶನದು. ಶಿಫ್ಟು ಮುಗಿಸಿ ಬಸ್ಸು ಹಿಡಿದು ಬರುತ್ತಿದ್ದ. “ಇದು ನೌಕರಿ ಮಾಡೋ ಮಗಗೂ ಒಕ್ಕಲುತನ ಮಾಡೋ ಮಗಗೂ ನಡಿಯೋ ಗುದ್ದಾಟ ನೋಡ್ರಿ. ಭೂಮಿ ಒಳಗ ಇಳಿದು ದುಡ್ಯಾಕತ್ತೀನಿ, ನನಗ ಗೊತ್ತಿಲ್ಲೇನು?” ಅಂದ.

ತಮ್ಮನ ಪಾತ್ರ ವಳಕಮದಿನ್ನಿಯ ತಿಮ್ಮಣ್ಣನದು. ಅವನದು ಕಾಲುವೆಯ ಕೆಳಗಿನ ಭತ್ತದ ಗದ್ದೆ. “ಲೇ ಅಮರ್ಯಾ, ನೀ ಭೂಮಿ ಒಳಗ ಇಳೀತಿ, ನಾ ಮ್ಯಾಲೆ ನಿಂತೀನಿ. ನೀರು ಗದ್ದಿ ತುದಿಗೆ ಮುಟ್ಟಲಿಲ್ಲಂದ್ರ ಯಾವ ಅಣ್ಣ, ಯಾವ ತಮ್ಮ? ಇದು ನೀರಿನ ಜಗಳ.”

“ನಾಟಕದಾಗ ಕಾಲುವೆನ ಇಲ್ಲಲೋ!”

“ಇಲ್ಲದ್ದಕ್ಕ ಜಗಳ!”

ಅಪ್ಪನ ಪಾತ್ರದ ಸಂಗಣ್ಣ ಗುರುಗುಂಟಾದವರು, ದನಗಳೆಂದರೆ ಪ್ರಾಣ. ಅವರು ಗದ್ಗದಿತರಾಗಿ, “ಮನಷ್ಯಾರು ಹೆಂಗಾರ ಬದುಕ್ತಾರ ಬಿಡ್ರಿ. ಜೋಡೆತ್ತು ಅಗಲಿದ್ರ ಒಂದಕ್ಕೊಂದು ಹುಡುಕ್ಯಾಡ್ತಾವ. ಅದ ಖರೇ ದುಃಖ” ಅಂದರು. ನಾಟಕದಲ್ಲಿ ಎತ್ತಿನ ಪ್ರಸ್ತಾಪ ಒಂದೇ ಒಂದು ಸಲ ಬರುತ್ತಿತ್ತು. ಅದು ಬೈಗುಳದಲ್ಲಿ.

ನಾನು ಸುಮ್ಮನಿದ್ದೆನೇ? ಬಿ.ಎ. ಅರ್ಧಕ್ಕೆ ಬಿಟ್ಟವರಿಗೆ ಮುಗಿಸಿದವರಿಗಿಂತ ಹುರುಪು ಜಾಸ್ತಿ. “ಮಾಸ್ತರ, ಇಲ್ಲಿರೋದು ಹಳೆಯ ಮೌಲ್ಯಕ್ಕೂ ಹೊಸ ಮೌಲ್ಯಕ್ಕೂ ಸಂಘರ್ಷ” ಎಂದೆ. ಮಾಸ್ತರರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಮೌಲ್ಯದ ಪಾತ್ರಕ್ಕ ಬಣ್ಣ ಯಾರು ಹಚ್ಚಿಕೋತಾರಪಾ?”

ಹೀಗೆ ಮಸ್ಕಿಯ ಚಹಾದಂಗಡಿಯಲ್ಲಿ, ಬಸ್ಸಿನ ಕಿಟಕಿಯ ಪಕ್ಕದಲ್ಲಿ, ಕಾಲುವೆಯ ಏರಿಯ ಮೇಲೆ, ಎಲ್ಲಿ ಇಬ್ಬರು ಸೇರಿದರೂ ಅದೇ ವಾದ. ಈಗ ಅನಿಸುತ್ತದೆ, ನಾವು ಯಾರೂ ನಾಟಕದ ಬಗ್ಗೆ ಮಾತಾಡುತ್ತಿರಲಿಲ್ಲ. ಪ್ರತಿಯೊಬ್ಬನೂ ತನ್ನ ಹೊಲ, ತನ್ನ ಶಿಫ್ಟು, ತನ್ನ ಎತ್ತಿನ ಬಗ್ಗೆ ಮಾತಾಡುತ್ತಿದ್ದ. ಕೊನೆಗೆ ಸಿಂಧನೂರಿನ ಪ್ರೆಸ್ಸಿಗೆ ನಾನೇ ಹೋದೆ. ಅಚ್ಚಿನ ಮೊಳೆ ಜೋಡಿಸುವವನು, “ಅತ್ತಿ-ಸ್ವಸಿ ಅಂತ ಹಾಕ್ರಿ, ಮಂದಿ ಕಿಕ್ಕಿರೀತಾರ” ಎಂದು ಬಿಟ್ಟಿ ಸಲಹೆ ಕೊಟ್ಟ. “ನಮ್ಮ ನಾಟಕದಾಗ ಅತ್ತಿ ಸತ್ತಾಳ್ರಿ” ಅಂದೆ. ಗುಲಾಬಿ ಬಣ್ಣದ ಕಾಗದದ ಮೇಲೆ ‘ಎರಡಾದ ಒಲೆ ಅರ್ಥಾತ್ ಒಡಹುಟ್ಟಿದವರ ಹಠ’ ಎಂದು ಅಚ್ಚಾಯಿತು. ಅಮರೇಶನಿಗೂ ತಿಮ್ಮಣ್ಣನಿಗೂ ಸಮ ಸಮ. ವಾದ ಮುಗಿಯಿತು ಅಂದುಕೊಂಡೆವು.

ಈಗ ಕುರ್ಚಿಯ ವಿಷಯ. ನಾಟಕದಲ್ಲಿ ಒಬ್ಬಳು ಅತ್ತಿಗೆ ಇದ್ದಳು, ಸತ್ತುಹೋದ ಹಿರಿಯ ಮಗನ ಹೆಂಡತಿ. ಆಗ ನಮ್ಮೂರ ಹೆಣ್ಣುಮಕ್ಕಳು ಬಣ್ಣ ಹಚ್ಚುತ್ತಿರಲಿಲ್ಲ. ಹೆಣ್ಣಿನ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು, ಅವರು ಬರುವುದು ನಾಟಕದ ಹಿಂದಿನ ದಿನ. ಅಲ್ಲಿಯ ತನಕ ತಾಲೀಮಿನಲ್ಲಿ ಅವರ ಬದಲಿಗೆ ಒಂದು ಕಟ್ಟಿಗೆಯ ಕುರ್ಚಿ, ಗುರುತಿಗೆ ಅದರ ಮೇಲೊಂದು ಟವೆಲ್ಲು. ಅಣ್ಣ ತಮ್ಮ ಇಬ್ಬರೂ ಕುರ್ಚಿಗೆ ಕೈಮುಗಿದು “ಅತ್ತಿಗೆ!” ಎನ್ನುವುದು, ಅತ್ತಿಗೆಯ ಮಾತನ್ನು ಪರದೆಯ ಹಿಂದಿನಿಂದ ನಾನು ಓದುವುದು. “ನೀರು ಕಾದಿದೆ.” “ದೀಪ ಹಚ್ಚಿದೆ.” “ದೇವರು ದೊಡ್ಡವನು.” ಅವಳಿಗಿದ್ದದ್ದೇ ಇಂಥ ಮಾತು. ಬೀಡಿ ಸೇದುತ್ತಲೂ ಓದಬಹುದಿತ್ತು, ಹಾಗೇ ಓದಿದೆ.

ನಾಟಕದ ಹಿಂದಿನ ದಿನ ಲಿಂಗಸುಗೂರು ಕಡೆಯ ಬಸ್ಸಿನಿಂದ ಒಂದು ಟ್ರಂಕು ಇಳಿಯಿತು, ಅದರ ಹಿಂದೆ ಅತ್ತಿಗೆಯ ಪಾತ್ರದ ಕಸ್ತೂರಿಬಾಯಿ. ನಲವತ್ತು ದಾಟಿದ ಹೆಂಗಸು, ಬಾಯಲ್ಲಿ ಎಲೆ ಅಡಿಕೆ. ಚಹಾ ಕುಡಿಯುತ್ತ ಪುಸ್ತಕವನ್ನು ಒಂದೇ ಸಲ ಓದಿ ಮಡಚಿಟ್ಟರು. ನಾನು ಎರಡು ತಿಂಗಳಿಂದ ನೋಡಿ ಓದುತ್ತಿದ್ದುದು ಅವರಿಗೆ ಒಂದು ಕಪ್ಪು ಚಹಾದಲ್ಲಿ ಬಾಯಿಗೆ ಬಂತು. ಆಮೇಲೆ ತಾಲೀಮಿನ ಜಾಗದಲ್ಲಿದ್ದ ಕುರ್ಚಿಯನ್ನು ನೋಡಿ, “ಇದು ಯಾರ್ರಿ?” ಎಂದರು.

“ಅದು... ನೀವ ರೀ” ಅಂದ ಅಮರೇಶ.

ಅವರು ಟವೆಲ್ಲು ಕೊಡವಿ ಮಡಚಿ ಅವನ ಕೈಗೆ ಕೊಟ್ಟರು. “ಪಾಪ, ಎರಡು ತಿಂಗಳ ದುಡದಾಳ. ನಿಮಗೇನೂ ತ್ರಾಸ ಕೊಟ್ಟಿಲ್ಲಲ?”

ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ತಾಲೀಮು. ಕಲಾವಿದೆಯನ್ನು ನೋಡಲು ಹೆಂಗಸರೆಲ್ಲ ಕಿಟಕಿಗೆ ಮುತ್ತಿದ್ದರು. ಮಜ್ಜಿಗೆಯ ಕೊಡ ಹೊತ್ತು ತಂದಿದ್ದ ಚಿಗವ್ವನೂ ಅಲ್ಲೇ ನಿಂತಳು. ಪಾತ್ರೆ ಹಂಚಿಕೊಳ್ಳುವ ದೃಶ್ಯ ಬಂತು. ಅತ್ತಿಗೆ ರೊಟ್ಟಿ ಬಡಿಯುತ್ತಿರುತ್ತಾಳೆ. ಅಣ್ಣ ಬಂದು ಹಿಟ್ಟಿನ ಪರಾತ ಎತ್ತಿಕೊಳ್ಳುತ್ತಾನೆ, ತಮ್ಮ ಬಂದು ಹಂಚು ಎತ್ತಿಕೊಳ್ಳುತ್ತಾನೆ. ಇಬ್ಬರೂ ಉದ್ದುದ್ದ ಮಾತಾಡುತ್ತಾರೆ. ಅದೇ ನಮ್ಮ ನಾಟಕದ ಜೀವಾಳ ಎಂದು ನಂಬಿದ್ದ ದೃಶ್ಯ.

ಕಸ್ತೂರಿಬಾಯಿ ನೆಲಕ್ಕೆ ಕೂತರು. ಹಿಟ್ಟಿರಲಿಲ್ಲ, ಒಲೆಯಿರಲಿಲ್ಲ. ಬರಿಗೈಯಲ್ಲಿ ತಟ್ಟತೊಡಗಿದರು. ಅಂಗೈಯ ತಾಳ ಕೇಳುತ್ತ ಕೇಳುತ್ತ ರೊಟ್ಟಿ ಅಗಲವಾಗುತ್ತಿರುವುದು ನಮಗೆಲ್ಲ ಕಾಣಿಸಿತು. ಅಮರೇಶ ಪರಾತ ಎಳೆದುಕೊಂಡ. ಅವರು ಬಡಿದ ರೊಟ್ಟಿಯನ್ನು ಅಂಗೈಗೆ ಎತ್ತಿಕೊಂಡರು. ಹಂಚಿಗೆ ಹಾಕಬೇಕೆಂದು ತಿರುಗುವಷ್ಟರಲ್ಲಿ ತಿಮ್ಮಣ್ಣ ಹಂಚು ಎತ್ತಿಕೊಂಡಿದ್ದ. ಅವರು ಎದ್ದು ನಿಂತರು. ಆ ಇಲ್ಲದ ರೊಟ್ಟಿಯನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಿಸುತ್ತ, ಎಲ್ಲಿಡಲಿ ಎಂದು ಸುತ್ತಲೂ ನೋಡಿದರು. ತಿಮ್ಮಣ್ಣ ಮಾತು ಮರೆತ. ನಾನು ಎತ್ತಿಕೊಡಬೇಕು, ಪುಸ್ತಕ ನನ್ನ ಕೈಯಲ್ಲಿದೆ, ಆದರೆ ನನ್ನ ಕಣ್ಣು ಆ ರೊಟ್ಟಿಯ ಮೇಲಿದೆ.

ಅಷ್ಟರಲ್ಲಿ ಕಿಟಕಿಯಿಂದ ಒಂದು ಕೂಗು: “ಲಗೂನ ಹಂಚು ಕೊಡ್ರೋ ಅಕಿಗೆ, ರೊಟ್ಟಿ ಹರೀತೈತಿ!”

ಚಿಗವ್ವ! ಗಂಡಸರಿದ್ದ ಕಡೆ ಎಂದೂ ದನಿ ಎತ್ತದವಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗದೇ ಇದ್ದವರು ಕಸ್ತೂರಿಬಾಯಿ ಒಬ್ಬರೇ.

“ನಗಬ್ಯಾಡ್ರಿ. ನಿಮ್ಮೊಳಗ ನಾಟಕ ತಿಳಿದಾಕಿ ಅಕಿ ಒಬ್ಬಾಕಿ” ಎಂದವರು ಮಾಸ್ತರರ ಕಡೆ ತಿರುಗಿದರು. “ಒಲಿ ಎರಡಾದ ಮ್ಯಾಲೆ ಈ ಅತ್ತಿಗಿ ಯಾವ ಒಲಿ ಮುಂದ ಕುಂದರ್ತಾಳ್ರಿ?”

ಮಾಸ್ತರರು ಪುಟ ತಿರುವಿದರು. ಮುಂದೆ ತಿರುವಿದರು, ಹಿಂದೆ ತಿರುವಿದರು. “ಅದೊಂದು... ಬರದಿಲ್ಲವ್ವಾ. ಎರಡೂ ಕಡೆ ಇರ್ತಾಳಂತ ಇಟ್ಕೋರಿ.”

“ಎರಡೂ ಕಡೆ ಅಂದ್ರ ಎಲ್ಲೂ ಇಲ್ಲಂತ ಆತಲ್ರಿ ಮಾಸ್ತರ.”

ಬರೆದವರು, ಆಡಿದವರು, ವಾದ ಮಾಡಿದವರು, ಅಚ್ಚು ಹಾಕಿಸಿದ ನಾನು, ಎಲ್ಲರೂ ಎರಡು ತಿಂಗಳು ಮೂಲ ಗುದ್ದಾಟ ಹುಡುಕಿದ್ದೆವು. ಅದು ನಮ್ಮ ನಡುವೆಯೇ ಟವೆಲ್ಲು ಹೊದ್ದು ಕೂತಿತ್ತು. ನಾನು ಮೆಲ್ಲಗೆ ಕಿಟಕಿಯ ಕಡೆ ನೋಡಿದೆ. ಚಿಗವ್ವ ನಗುತ್ತಿರಲಿಲ್ಲ, ಕಸ್ತೂರಿಬಾಯಿಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ‘ಇಲ್ಲೊಂದಾರು ತಿಂಗಳ, ಅಲ್ಲೊಂದಾರು ತಿಂಗಳ’ ಎಂಬ ಮಾತಿಗೆ ನಾನು ಹೂಂ ಅಂದದ್ದು ಆಗ ನೆನಪಾಗಿ ಕಿವಿ ಬಿಸಿಯಾಯಿತು.

ಮರುದಿನದ ನಾಟಕದಲ್ಲಿ ಮಾಸ್ತರರು ಆ ದೃಶ್ಯದ ಉದ್ದುದ್ದ ಮಾತುಗಳನ್ನು ಹೊಡೆದುಹಾಕಿದರು. ಬರೆದದ್ದನ್ನು ಹೊಡೆದುಹಾಕುವ ನಾಟಕಕಾರನನ್ನು ನಾನು ನೋಡಿದ್ದು ಅದೊಂದೇ ಸಲ. ಕಸ್ತೂರಿಬಾಯಿ ಅಂಗೈಯಲ್ಲಿ ರೊಟ್ಟಿ ಹಿಡಿದು ನಿಂತಂತೆಯೇ ಪರದೆ ಬಿತ್ತು. ಯಾರೂ ಸೀಟಿ ಹೊಡೆಯಲಿಲ್ಲ.

ಸೋಮವಾರ ಬಂತು. ಪಡಸಾಲೆಯಲ್ಲಿ ಹಿರಿಯರು ಕೂತರು. ಕೋಣೆ, ಹೊಲ, ದನ ಎಲ್ಲವೂ ಸಲೀಸಾಗಿ ಹಂಚಿಹೋದವು. ಬರೆಯುವವನು ಇನ್ನೇನು ಕಾಗದ ಮಡಚಬೇಕು, ಚಿಗವ್ವ ಒಳಗಿನಿಂದ ಬಂದು ಕಂಬದ ಪಕ್ಕ ನಿಂತಳು.

“ಭಾವನೋರ, ನನಗ ಬ್ಯಾರೆ ಒಲಿ ಹಾಕಿ ಕೊಡ್ರಿ. ನಡುವಿನ ಖೋಲಿ ಸಾಕು. ಹೊಲದಾಗ ನಮ್ಮ ಮನಿಯವರ ಪಾಲು ನನಗಿರ್ಲಿ.”

ಕಾಕಾನ ಮುಖ ಕೆಂಪಾಯಿತು. “ಯಾಕ, ನಾವು ನಿನಗ ಅನ್ನ ಹಾಕಂಗಿಲ್ಲೇನು?”

ಅವಳು ಎಲ್ಲಿಯಾದರೂ ತಡವರಿಸಿಯಾಳು, ಮಾತು ಎತ್ತಿಕೊಡೋಣ ಎಂದು ನಾನು ತುಟಿ ತೆರೆದಿದ್ದೆ. ಅಭ್ಯಾಸ ನೋಡಿ. ಅವಳಿಗೆ ಪ್ರಾಂಪ್ಟರು ಬೇಕಾಗಲಿಲ್ಲ.

“ಹಾಕ್ತೀರಿ, ಇಲ್ಲ ಅನ್ನಂಗಿಲ್ಲ. ಹಾಕಿದ್ದು ಉಂಡು ಉಂಡು ಸಾಕಾಗೇತಿ. ನಾನೂ ಯಾರಿಗೆರ ಹಾಕಬೇಕಲ್ರಿ.”

ಕಾಕಾ ನೆಲ ನೋಡಿದ. ಅಪ್ಪ ಮೀಸೆ ತಿಕ್ಕಿಕೊಂಡು ಕಾಗದ ಹಿಡಿದವನಿಗೆ, “ಬರಿಯಪಾ. ಮೂರು ಪಾಲು” ಅಂದರು.

ಹೊಸ ಒಲೆ ಹೂಡಿದ ದಿನ ಚಿಗವ್ವ ಗೋಧಿ ಹುಗ್ಗಿ ಮಾಡಿ ಎಲ್ಲರನ್ನೂ ಊಟಕ್ಕೆ ಕರೆದಳು. ಅಪ್ಪ, ಕಾಕಾ, ನಾನು ಸಾಲಾಗಿ ತಾಟಿನ ಮುಂದೆ ಕೂತೆವು. ಬೋಗುಣಿಯಲ್ಲಿ ಹುಗ್ಗಿ ಕಡಿಮೆ ಕಂಡದ್ದಕ್ಕೆ ಕಾಕಾ, “ನಿನಗ ಉಳೀತೈತಿಲ್ಲವಾ?” ಎಂದು ಮೆತ್ತಗೆ ಕೇಳಿದ. ನಮ್ಮ ಮನೆಯ ಹೆಂಗಸರು ಗಂಡಸರು ಎದ್ದ ಮೇಲೆ ಉಳಿದದ್ದನ್ನು ಉಣ್ಣುವವರು. ಅದರಲ್ಲೂ ಚಿಗವ್ವನದು ಎಲ್ಲರಿಗಿಂತ ಕಡೆಯ ತಾಟು.

“ನಂದು ಆಗೇತ್ರಿ” ಅಂದಳು ಚಿಗವ್ವ, ಬಡಿಸುವ ಸಟ್ಟುಗ ಎತ್ತಿಕೊಳ್ಳುತ್ತ. “ಬಿಸಿ ಬಿಸಿ ಮೊದಲನೇ ಸಟ್ಟುಗ ನಾನ ಉಂಡೆ. ಭಾಳ ಛಲೋ ಆಗೇತಿ.”

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎರಡನೆಯ ಸಟ್ಟುಗಕ್ಕೆ ತಾಟು ಒಡ್ಡಿದೆವು.