ಭಾನುವಾರದ ಗೌನು

ನನ್ನ ಅಕ್ಕ ದರ್ಜಿ. ಸುತ್ತಲಿನ ನಾಲ್ಕು ಬೀದಿಯವರ ಬಟ್ಟೆಗಳನ್ನು ಅಳತೆಗೆ ತಂದುಕೊಡುವ ಅವಳಿಗೆ ತನ್ನ ಬಟ್ಟೆಯನ್ನು ತಾನೇ ತೊಟ್ಟುಕೊಳ್ಳಲು ಆಗುವುದಿಲ್ಲ. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತ ಹೋಗುವ ಕಾಯಿಲೆ. ಮೊದಲು ಕಾಲು ಹೋಯಿತು, ಆಮೇಲೆ ಹೆಗಲು. ಬೆರಳುಗಳು ಮಾತ್ರ ಇವತ್ತಿಗೂ ಚುರುಕು. ಗಾಲಿಕುರ್ಚಿಯನ್ನು ಹೊಲಿಗೆ ಯಂತ್ರದ ಮುಂದೆ ನಿಲ್ಲಿಸಿ, ಎರಡೂ ಮೊಣಕೈಗಳನ್ನು ಮೇಜಿನ ಮೇಲೆ ಇಟ್ಟುಕೊಟ್ಟರೆ ಕಣ್ಣಿಗೆ ಕಾಣದಂಥ ಅಂಚು ಹೊಲಿಯುತ್ತಾಳೆ. ಆದರೆ ತಲೆ ಬಾಚಿಕೊಳ್ಳಬೇಕೆಂದರೆ ಕೈ ಕಿವಿಯವರೆಗೂ ಏಳುವುದಿಲ್ಲ.

"ಊರವರ ಮಾನ ಮುಚ್ಚೋದು ನನ್ನ ಕೆಲಸ, ನನ್ನ ಮಾನ ಮುಚ್ಚೋದು ಸರ್ಕಾರದ ಕೆಲಸ" ಎಂದು ಗಿರಾಕಿಗಳ ಮುಂದೆ ನಗುತ್ತಾಳೆ. ಸರ್ಕಾರ ಒಬ್ಬ ಸಹಾಯಕಿಯನ್ನು ಕಳಿಸುತ್ತದೆ. ಬೆಳಿಗ್ಗೆ ಏಳಕ್ಕೆ ಬಂದು ಎರಡು ಗಂಟೆ, ಸಂಜೆ ಆರರಿಂದ ಏಳು. ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ. ಅಕ್ಕ ಅವಳಿಗೆ ಇಟ್ಟ ಹೆಸರು ಗಡಿಯಾರಮ್ಮ.

ಮೂರು ವರ್ಷಕ್ಕೊಮ್ಮೆ ಈ ನೆರವಿನ ಪರಿಶೀಲನೆ ಆಗುತ್ತದೆ. ಅಧಿಕಾರಿ ಮನೆಗೇ ಬಂದು ಕೂತು, ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಕೇಳಿ ಬರೆದುಕೊಂಡು ಹೋಗುತ್ತಾರೆ. ಗಂಟೆಗಳು ಉಳಿಯಬಹುದು, ಹೆಚ್ಚಬಹುದು, ಹೋಗಲೂಬಹುದು. ಅಕ್ಕನ ಗಿರಾಕಿಯೊಬ್ಬ, ಕುರ್ಚಿ ಹೆಣೆಯುವವನು, ಎರಡೂ ಕಣ್ಣು ಕಾಣದವನು, ಮನೆಗೆ ಬಂದ ಅಧಿಕಾರಿಗೆ ಮರ್ಯಾದೆಗೆಂದು ತಾನೇ ಎದ್ದು ಚಹಾ ಮಾಡಿಕೊಟ್ಟ. ಅವನ ನೆರವಿನ ಗಂಟೆಗಳಲ್ಲಿ ಅರ್ಧದಷ್ಟು ಆ ಚಹಾದ ಜೊತೆ ಹೋದವು.

ಆದ್ದರಿಂದ ಈ ಸಲದ ಕಾಗದ ಬಂದಾಗ ಅಕ್ಕನಿಗೆ ತಯಾರಿ ಮಾಡಿಸಲು ನಾನೇ ಹೊರಟೆ. ನಾನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವನು. ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ಚೌಕಟ್ಟಿನಲ್ಲಿ ತುಂಬುವುದೇ ನನ್ನ ಇಪ್ಪತ್ತು ವರ್ಷದ ವಿದ್ಯೆ. ಸರ್ಕಾರ ಕಳಿಸಿದ್ದ ಫಾರಮ್ಮಿನಲ್ಲೂ ಏಳು ದಿನಕ್ಕೆ ಏಳು ಕಾಲಂ, ಗಂಟೆಗೊಂದು ಗೆರೆ. ಇದು ನನಗೆ ನೀರು ಕುಡಿದಷ್ಟು ಸುಲಭ ಎಂದು ಬೀಗುತ್ತಲೇ ಶನಿವಾರ ಮಧ್ಯಾಹ್ನ ಅವಳ ಮನೆಗೆ ಹೋದೆ. ಗುರುವಾರ ಅಧಿಕಾರಿ ಬರುವವರಿದ್ದರು.

ಮೊದಲು ತಾಲೀಮು. ನಾನು ಅಧಿಕಾರಿ, ಅಕ್ಕ ಅಕ್ಕನೇ.

"ನೀವೇ ತಲೆ ಬಾಚ್ಕೋತೀರಾ?" ಎಂದೆ.

"ಹೇಗೋ ಆಗತ್ತೆ" ಎಂದಳು.

"ಯಾವ ಜನ್ಮದಲ್ಲಿ ಆಗತ್ತೆ? ಆಗಲ್ಲ ಅನ್ನು."

"ಹೊರಗಿನವರ ಮುಂದೆ ಹೇಗೋ ಹಾಗನ್ನೋದು? ನಾಚಿಕೆ ಆಗಲ್ವಾ?"

"ನಾಚಿಕೆಯನ್ನ ಗುರುವಾರ ಒಂದಿನ ಬೀರುವಿನಲ್ಲಿ ಇಡು. ಶುಕ್ರವಾರ ತೆಕ್ಕೋ."

ಅವಳು ನಕ್ಕಳು. ಐದಾರು ಸಲ ಹೇಳಿಸಿದ ಮೇಲೆ "ಆಗಲ್ಲ" ಎಂಬ ಮಾತು ಅವಳ ಬಾಯಿಂದ ಹೊರಟಿತು, ಆದರೆ ತಪ್ಪೊಪ್ಪಿಗೆಯ ದನಿಯಲ್ಲಿ. ನಾನು ಮೇಷ್ಟರಂತೆ ತಲೆದೂಗಿ ಫಾರಂ ಎಳೆದುಕೊಂಡೆ. ಸೋಮವಾರದಿಂದ ಶನಿವಾರದವರೆಗೆ ಸರಾಗವಾಗಿ ತುಂಬಿತು.

"ಭಾನುವಾರ?" ಎಂದೆ.

ಅಕ್ಕ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ್ದಳು. "ಹೋದ್ಸಲ ಬರೆದಿದ್ದನ್ನೇ ಬರಿ" ಎಂದಳು.

ಹೋದ ಸಲದ್ದು ಹಸಿರು ಫೈಲಿನಲ್ಲಿತ್ತು. ತೆಗೆದು ನೋಡಿದೆ. 'ಭಾನುವಾರ: ತಮ್ಮ ಬಂದು ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಸಹಾಯಕಿಯ ಅಗತ್ಯವಿಲ್ಲ.'

ಅದು ನನ್ನದೇ ಮಾತು. ಹಿಂದಿನ ಪರಿಶೀಲನೆಯ ದಿನ ನಾನೂ ಕೂತಿದ್ದೆ. ಅಧಿಕಾರಿ ಏಳೂ ದಿನಕ್ಕೆ ಬರೆಯಲು ಹೊರಟಾಗ ನನಗೆ ಎಲ್ಲಿಲ್ಲದ ರೋಷ ಬಂದಿತ್ತು. ಒಡಹುಟ್ಟಿದವನು ಗುಂಡುಕಲ್ಲಿನಂತೆ ಕೂತಿರುವಾಗ ಅಕ್ಕನಿಗೆ ಏಳೂ ದಿನ ಪರರ ಕೈಯೇ? "ನಾವು ಮನೆಯವರು ಸತ್ತಿದೀವಾ? ಭಾನುವಾರ ನಂದು" ಎಂದು ಎದೆ ತಟ್ಟಿಕೊಂಡಿದ್ದೆ. ಅಧಿಕಾರಿ ಮೆಚ್ಚುಗೆಯಿಂದ ನೋಡಿ ಬರೆದುಕೊಂಡರು. ಮೆಚ್ಚುಗೆ ನನಗೆ, ಕಡಿತ ಅಕ್ಕನಿಗೆ ಎಂದು ಆಗ ಹೊಳೆಯಲಿಲ್ಲ.

ಎಂಟು ಭಾನುವಾರ ಹೋದೆ. ನನ್ನ ಹೆಂಡತಿಯೂ ಬಂದು ಅಕ್ಕನಿಗೆ ಸ್ನಾನ ಮಾಡಿಸುತ್ತಿದ್ದಳು, ನಾನು ಬ್ರೆಡ್ಡು ಸುಡುತ್ತಿದ್ದೆ. ಆಮೇಲೆ ಹೆಂಡತಿಗೆ ಅಂಗಡಿಯಲ್ಲಿ ಭಾನುವಾರವೂ ಕೆಲಸ ಬಿತ್ತು. ಒಬ್ಬನೇ ಹೋಗಿ ಅಕ್ಕನ ಬಟ್ಟೆ ಬದಲಿಸುವುದು ಹೇಗೆ ಎಂದು ಸಂಕೋಚ. ಎರಡು ವಾರ ತಪ್ಪಿತು, ನಾಲ್ಕು ತಪ್ಪಿತು. "ಭಾನುವಾರ ಬಸ್ಸೇ ಇರಲ್ಲ ಕಣೇ" ಎಂದು ಫೋನಿನಲ್ಲಿ ಹೇಳಿದೆ. ಭಾನುವಾರದ ಬಸ್ಸುಗಳನ್ನು ಬರೆಯುವವನು ನಾನೇ ಎಂದು ಅವಳಿಗೆ ಗೊತ್ತು. "ಹೌದಲ್ವಾ, ಪಾಪ" ಎಂದಳು.

ಹಾಗೆಂದು ಪೂರ್ತಿ ಬಿಟ್ಟಿರಲಿಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಹನ್ನೊಂದು ಗಂಟೆಯ ಮೇಲೆ, ಕೈಯಲ್ಲೊಂದು ಕೇಕಿನ ಡಬ್ಬಿ ಹಿಡಿದು ಹೋಗುತ್ತಿದ್ದೆ. ಯಾವಾಗ ಹೋದರೂ ಅಕ್ಕ ಬೂದು ಬಣ್ಣದ ಗೌನು ತೊಟ್ಟು ಕಿಟಕಿಯ ಬಳಿ ಕೂತಿರುತ್ತಿದ್ದಳು. ಗೌನಿಗೆ ಒಂದು ಸುಕ್ಕಿಲ್ಲ, ಎದೆಯ ಮೇಲೆ ಎರಡು ಸಾಲು ಗುಂಡಿ. ಹಾಸಿಗೆ ಎಳೆದು ಕಟ್ಟಿದಂತೆ ನೀಟು. "ನೋಡು, ಯಾರೂ ಇಲ್ದೆನೂ ಎಷ್ಟು ಅಚ್ಚುಕಟ್ಟು" ಎಂದು ಹೊಗಳಿದ್ದೆ ಕೂಡ. ಅಲ್ಲಿಂದ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದೆ.

ಈಗ ಹಸಿರು ಫೈಲನ್ನು ಹಿಡಿದುಕೊಂಡು ಕೇಳಿದೆ: "ಹಾಗಾದ್ರೆ ಭಾನುವಾರ ನಿನ್ನ ಎಬ್ಬಿಸೋದು ಯಾರು?"

ಅವಳು ಉತ್ತರ ಕೊಡುವ ಮೊದಲೇ ಆರು ಗಂಟೆಯಾಯಿತು, ಗಡಿಯಾರಮ್ಮ ಒಳಗೆ ಬಂದಳು. ನನ್ನ ಕಡೆ ಒಮ್ಮೆ ನೋಡಿ, ಕೈ ತೊಳೆದುಕೊಂಡು, ಬೀರುವಿನಿಂದ ಆ ಬೂದು ಗೌನನ್ನು ತೆಗೆದಳು.

"ಈಗ್ಯಾಕೆ ಅದು?" ಎಂದೆ.

"ಶನಿವಾರ ಅಲ್ವಾ" ಎಂದಳು ಗಡಿಯಾರಮ್ಮ. "ನಾಳೆ ಹಾಕೋಕೆ ಯಾರಿದ್ದಾರೆ?"

"ನೀನು ಸುಮ್ನಿರು" ಎಂದಳು ಅಕ್ಕ. ಗಡಿಯಾರಮ್ಮ ಸುಮ್ಮನಿರಲಿಲ್ಲ. ಮೂರು ವರ್ಷದ ಸಿಟ್ಟು ಅವಳಲ್ಲಿತ್ತು.

"ಇವತ್ತು ಇವರನ್ನ ಮಲಗಿಸಿ ಹೋದ್ರೆ ಸೋಮವಾರದವರೆಗೂ ಮಲಗೇ ಇರ್ಬೇಕು. ಅದಕ್ಕೆ ಕುರ್ಚಿಯಲ್ಲೇ ಬಿಟ್ಟು ಹೋಗ್ತೀನಿ. ಪ್ಯಾಡ್ ಕಟ್ಟಿ, ಮೊಣಕೈ ಹತ್ರ ಬ್ರೆಡ್ಡು, ಸ್ಟ್ರಾ ಹಾಕಿದ ನೀರು. ನೀರನ್ನೂ ಸರಿಯಾಗಿ ಕುಡಿಯಲ್ಲ, ಯಾಕೆ ಅಂತ ನಿಮಗೇ ಗೊತ್ತಾಗ್ಬೇಕು. ಆಫೀಸಿಗೆ ಹೇಳೋಣ ಅಂದ್ರೆ, ತಮ್ಮನ ಮಾತು ಸರ್ಕಾರದ ಕಾಗದದಲ್ಲಿದೆ, ಅವನನ್ನ ಸುಳ್ಳುಗಾರ ಮಾಡ್ಲಾ ಅಂತಾರೆ. ನೀವು ಬಂದ್ರೆ ಬೇಜಾರಾಗ್ಬಾರ್ದು ಅಂತ ಸುಕ್ಕಾಗದೇ ಇರೋ ಬಟ್ಟೆ ಹುಡುಕಿ ಈ ಗೌನು ಹೊಲ್ಕೊಂಡ್ರು."

ಗೌನನ್ನು ಆಗ ಹತ್ತಿರದಿಂದ ನೋಡಿದೆ. ಎದೆಯ ಮೇಲಿನ ಗುಂಡಿಗಳು ಬರೀ ತೋರಿಕೆಗೆ ಹೊಲಿದು ಕೂರಿಸಿದವು. ಕೂತಲ್ಲೇ ಮುಂದಿನಿಂದ ತೊಡಿಸಲೆಂದು ಬೆನ್ನು ಪೂರ್ತಿ ತೆರೆದಿತ್ತು, ಕುತ್ತಿಗೆಯ ಹಿಂದೆ ಒಂದು ಲಾಡಿ ಮಾತ್ರ. ನೀಟಾದ ಹಾಸಿಗೆಯ ಗುಟ್ಟೂ ತಿಳಿಯಿತು. ಅದರ ಮೇಲೆ ಯಾರೂ ಮಲಗಿರುತ್ತಿರಲಿಲ್ಲ. ಶನಿವಾರ ಸಂಜೆ ಏಳರಿಂದ ಸೋಮವಾರ ಬೆಳಿಗ್ಗೆ ಏಳರವರೆಗೆ ಮೂವತ್ತಾರು ಗಂಟೆ. ನಮ್ಮ ಡಿಪೋದಲ್ಲಿ ಚಾಲಕನೊಬ್ಬನನ್ನು ಎಂಟು ಗಂಟೆಗಿಂತ ಹೆಚ್ಚು ಕೂರಿಸಿದರೆ ನನ್ನ ಕೆಲಸ ಹೋಗುತ್ತದೆ.

ನನಗೆ ಮುಖ ಎತ್ತಲಾಗಲಿಲ್ಲ. ಅಷ್ಟು ಹೊತ್ತು ನಾಚಿಕೆಯ ಬಗ್ಗೆ ಅವಳಿಗೆ ಪಾಠ ಹೇಳಿದ್ದವನು ನಾನು. "ಇವತ್ತು ನಾನು ಇಲ್ಲೇ ಇರ್ತೀನಿ" ಎಂದೆ. "ಇದ್ದು ಏನ್ಮಾಡ್ತೀಯೋ, ನಿಂಗೆ ಎತ್ತೋಕೂ ಬರಲ್ಲ, ಹೋಗು" ಎಂದಳು ಅಕ್ಕ. ಹೋಗಬಾರದಿತ್ತು. ಹೋದೆ.

ಭಾನುವಾರದ ಮೊದಲ ಬಸ್ಸು ಆರು ನಲವತ್ತಕ್ಕೆ. ಅದರಲ್ಲಿ ಹೋಗಿ ಬಾಗಿಲು ತೆಗೆದರೆ ಅಕ್ಕ ಕುರ್ಚಿಯಲ್ಲೇ ಗದ್ದವನ್ನು ಎದೆಗೆ ಊರಿ ನಿದ್ದೆ ಮಾಡುತ್ತಿದ್ದಳು. ಹನ್ನೊಂದು ಗಂಟೆಯ ಅಕ್ಕನನ್ನಷ್ಟೇ ಕಂಡಿದ್ದ ನನಗೆ ಅವಳ ಗುರುತೇ ಸಿಗಲಿಲ್ಲ. ಎಚ್ಚರವಾದದ್ದೇ, "ಇಷ್ಟು ಬೇಗ ಯಾಕೆ ಬಂದೆ?" ಎಂದು ಮುಖ ತಿರುಗಿಸಿಕೊಂಡಳು. ಒದ್ದೆ ಬಟ್ಟೆಯಿಂದ ಮುಖ ಒರೆಸಿ ತಲೆ ಬಾಚಿದೆ. ಬೈತಲೆ ಸೊಟ್ಟಗಾಯಿತು. ಗುರುವಾರ ನಾನೇ ಎಲ್ಲ ಹೇಳುತ್ತೇನೆಂದು ಮಾತು ಕೊಟ್ಟು, ಫಾರಮ್ಮಿನಲ್ಲಿ ಭಾನುವಾರದ ಕಾಲಂ ಖಾಲಿ ಬಿಟ್ಟೆ. ಬರೆಯುವುದಕ್ಕಿಂತ ಹೇಳುವುದು ಸುಲಭ ಎಂದುಕೊಂಡಿದ್ದೆ.

ಗುರುವಾರ ಬಂದ ಅಧಿಕಾರಿ ಮಧ್ಯವಯಸ್ಸಿನ ಹೆಂಗಸು, ಮೆಲುದನಿ. ನಾನು ಕಲಿಸಿದ್ದನ್ನು ಅಕ್ಕ ಚೆನ್ನಾಗಿ ಒಪ್ಪಿಸಿದಳು. ತಲೆ ಬಾಚೋಕೆ ಆಗಲ್ಲ. ಸ್ನಾನ ಆಗಲ್ಲ. ಮಲಗೋಕೆ, ಏಳೋಕೆ ಆಗಲ್ಲ. ಒಂದೊಂದು "ಆಗಲ್ಲ"ಕ್ಕೂ ಅವಳ ಕಿವಿ ಕೆಂಪಾಗುತ್ತಿತ್ತು. ಕೊನೆಗೆ ಅಧಿಕಾರಿ ಖಾಲಿ ಕಾಲಂ ಕಂಡು ಹಳೆಯ ವರದಿ ತಿರುವಿದರು.

"ಭಾನುವಾರ ತಮ್ಮ ನೋಡ್ಕೋತಾರೆ ಅಂತಿದೆ. ಅದು ಹಾಗೇ ಇದೆ ತಾನೆ?"

"ಬರ್ತಾನೆ" ಎಂದಳು ಅಕ್ಕ ತಟ್ಟನೆ. "ಒಂದು ವಾರಾನೂ ತಪ್ಪಿಸಲ್ಲ."

ಎಷ್ಟು ತಾಲೀಮು ಮಾಡಿಸಿದರೂ ಈ ಒಂದು ಸುಳ್ಳನ್ನು ಅವಳು ಬಿಟ್ಟುಕೊಡಲಿಲ್ಲ. ಅಧಿಕಾರಿ ನನ್ನ ಕಡೆ ನೋಡಿ ಮುಗುಳ್ನಕ್ಕರು, ಮೂರು ವರ್ಷದ ಹಿಂದಿನ ಅದೇ ಮೆಚ್ಚುಗೆ. ಸತ್ಯ ಹೇಳುತ್ತೇನೆ, ಒಂದು ಗಳಿಗೆ ಆ ಮೆಚ್ಚುಗೆಯನ್ನು ಇಟ್ಟುಕೊಳ್ಳುವ ಆಸೆಯಾಯಿತು. ಇನ್ನು ಮೇಲೆ ನಿಜವಾಗಿಯೂ ಬಂದರಾಯಿತಲ್ಲ ಎಂದುಕೊಂಡೆ. ಎಂಟು ಭಾನುವಾರಕ್ಕೆ ಮುಗಿದುಹೋಗುವ ನನ್ನ ಶಪಥ ನನಗೆ ಗೊತ್ತಿಲ್ಲದ್ದೇನಲ್ಲ. ಅಧಿಕಾರಿಯ ಪೆನ್ನು ಕಾಗದಕ್ಕೆ ತಾಗಿತು.

"ನಾನು ಬರಲ್ಲ ಮೇಡಂ" ಎಂದೆ.

"ಲೋ" ಎಂದಳು ಅಕ್ಕ.

"ಮೂರು ವರ್ಷದಿಂದ ಬಂದಿಲ್ಲ. ಬಂದಾಗ್ಲೂ ಕೇಕ್ ತಿಂದು ಹೋಗಿದೀನಿ. ಶನಿವಾರ ಸಂಜೆ ಕೂತೋಳು ಸೋಮವಾರ ಏಳ್ತಾಳೆ."

ಅಧಿಕಾರಿ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮನೆಯವರ ನೆರವು ಇಲ್ಲವೆಂದು ಮನೆಯವರೇ ಬರೆದುಕೊಡಬೇಕಂತೆ. ಒಂದು ಹಾಳೆ ಕೊಟ್ಟರು. 'ಭಾನುವಾರ ನಾನು ಬರುವುದಿಲ್ಲ' ಎಂದು ಬರೆದು ರುಜು ಹಾಕಿದೆ. ಕೆಳಗೆ 'ಕಾರಣ' ಎಂದು ಒಂದು ಚೌಕವಿತ್ತು. ಡಿಪೋದಲ್ಲಿ ಬಸ್ಸು ತಪ್ಪಿದ್ದಕ್ಕೆ ನೂರು ಕಾರಣ ಬರೆದವನು ನಾನು. ಹೆಂಡತಿಯ ಕೆಲಸ, ನನ್ನ ಸಂಕೋಚ, ದೂರ, ಎಲ್ಲವನ್ನೂ ಒಂದೊಂದಾಗಿ ಮನಸ್ಸಿನಲ್ಲಿ ಬರೆದು ನೋಡಿದೆ. ಕೊನೆಗೆ 'ಇಲ್ಲ' ಎಂದು ಬರೆದೆ.

ಅವರು ಹೋದ ಮೇಲೆ ಅಕ್ಕ ಯಂತ್ರ ಓಡಿಸಿದಳು. ಯಾರದೋ ಪ್ಯಾಂಟಿನ ಅಂಚು. ನಾನು ಹೊರಡುವವರೆಗೂ ನಿಲ್ಲಿಸಲಿಲ್ಲ.

ಆರು ವಾರಕ್ಕೆ ತೀರ್ಮಾನ ಬಂತು. ಇದ್ದ ಗಂಟೆಗಳು ಉಳಿದವು, ಭಾನುವಾರವೂ ಸೇರಿತು, ಬೆಳಿಗ್ಗೆ ಎರಡು, ಸಂಜೆ ಒಂದು. ಆ ಮೊದಲ ಭಾನುವಾರ ಹೋದೆ, ಕೇಕಿಲ್ಲದೆ, ಹತ್ತು ಗಂಟೆಗೆ. ಹಾಸಿಗೆಯ ಮೇಲೆ ಮಲಗಿ ಎದ್ದ ಗುರುತಿತ್ತು. ಅಕ್ಕ ಹಳೆಯ ಹೂವಿನ ಗೌನಿನಲ್ಲಿ, ಮೈತುಂಬ ಸುಕ್ಕು, ಒದ್ದೆ ತಲೆ, ನೆಟ್ಟನೆಯ ಬೈತಲೆ. ತೊಡೆಯ ಮೇಲೆ ತೀರ್ಮಾನದ ಕಾಗದಗಳು, ಅವುಗಳ ಕೊನೆಯಲ್ಲಿ ನನ್ನ ಕೈಬರಹದ ಪ್ರತಿ.

ಅದರ 'ಕಾರಣ'ದ ಚೌಕವನ್ನು ಬೆರಳಿನಿಂದ ಸವರುತ್ತ, ನನ್ನ ಮುಖ ನೋಡದೆ ಹೇಳಿದಳು: "ಬಸ್ಸಿಲ್ಲ ಅಂತ ಬರೀಬಹುದಿತ್ತಲ್ಲೋ. ನಾನೇನು ಇಲ್ಲ ಅಂತಿದ್ನಾ?"

ಚಹಾ ಮಾಡಲೇ ಎಂದು ಕೇಳಿದೆ.

"ಗಡಿಯಾರಮ್ಮ ಕೊಟ್ಟು ಹೋದ್ಲು" ಎಂದಳು. "ನೀನು ಕೂತ್ಕೋ."